ಕಾಣದ ಕಲ್ಲಿನ ಕೆಲಸ

ಕಟ್ಟಡದ ಯೋಗ್ಯತೆಯನ್ನು ನಾವು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಭಾಗದಿಂದಲೇ ಅಳೆಯುತ್ತೇವೆ. ಕಾಣದ ಭಾಗದ ಮಹತ್ವವೇನೆಂಬುದನ್ನು ಇಂಗ್ಲೆಂಡಿನ ಎಡಿಸ್ಟೋನ್ ದೀಪಸ್ತಂಭದ ಚರಿತ್ರೆ ಚೆನ್ನಾಗಿ ತಿಳಿಸುತ್ತದೆ.

ಪ್ಲಿಮತ್ ಬಂದರಿಗೆ ಸುಮಾರು ೧೪ ಮೈಲಿ ದೂರದಲ್ಲಿ, ನಡುಗಡಲಿನಲ್ಲಿ, ಹಡಗುಗಳಿಗೆ ಮೃತ್ಯುಸಮಾನವಾದ ಬಂಡೆಗಳಿವೆ. ೧೬೯೮ರಲ್ಲಿ ಹೆನ್ರಿ ವಿನ್‌ಸ್ಟನ್ಲಿ ಎಂಬಾತನು ಅಲ್ಲಿ ಅಲಂಕಾರಭರಿತವಾದ ಗೋಪುರವನ್ನೆತ್ತಿ ದೀಪ ಹಚ್ಚಿದನು. ೧೭೦೩ರ ಮಹಾ ಬಿರುಗಾಳಿಯು ಗೋಪುರವನ್ನೂ, ಆ ರಾತ್ರಿ ಅದರೊಳಗಿದ್ದ ಅವನನ್ನೂ ಒಟ್ಟಿಗೆ ಕೊಂಡೊಯ್ದಿತು. ಅನಂತರ ರಡ್ಯರ್ಡ್ ಮರದಿಂದ ಕಟ್ಟಿಸಿದ ಸ್ತಂಭವು ಅಲೆಗಳಿಗೆ ಜಗ್ಗಲಿಲ್ಲ. ೧೭೫೫ರಲ್ಲಿ ಬೆಂಕಿಗೆ ಆಹುತಿಯಾಯಿತು.

ಮೂರನೆಯದನ್ನು ಕಟ್ಟಿದ ಜಾನ್ ಸ್ಮೀಟನ್ ಬೆಡಗಿಗೆ ಮನಸೋಲಲಿಲ್ಲ. ಬುಡದಲ್ಲಿ ಹರಡಿ, ಮೇಲೇರುತ್ತ ಕಿರಿದಾಗುವ ಓಕ್ ಮರದ ಬೊಡ್ಡೆಯೇ ಅವನಿಗೆ ಮಾದರಿಯಾಯಿತು. ಇಳಿಜಾರಿನ ಬಂಡೆಯನ್ನು ಮೆಟ್ಟಿಲುಗಳಾಗಿ ಕಡಿಸಿ, ಬಡಗಿಯು ಹಲಗೆಗಳನ್ನು ಕೂಡಿಸುವಂತೆ, ಕಲ್ಲು ಕಲ್ಲನ್ನು ಕಚ್ಚಿ ಹಿಡಿಯುವ ಹಾಗೆ ಜೋಡಿಸಿದನು. ನೀರಿನಲ್ಲಿಯೂ ಗಟ್ಟಿಯಾಗುವ ಗಾರೆಗಾಗಿ ನಾನಾ ಬಗೆಯ ಸುಣ್ಣಗಳನ್ನು ಪರೀಕ್ಷಿಸಿ, ಜೇಡಿಮಣ್ಣಿನ ಅಂಶವುಳ್ಳ ಸುಣ್ಣಕಲ್ಲಿಗೆ ಆ ಗುಣವಿದೆಯೆಂದು ಕಂಡುಕೊಂಡನು. ಮುಂದೆ ಬಂದ ಸಿಮೆಂಟಿಗೆ ದಾರಿ ತೆರೆದುದು ಈ ಶೋಧನೆಯೇ. ೧೭೫೯ರ ಅಕ್ಟೋಬರ್ ೧೬ರಂದು, ೭೨ ಅಡಿ ಎತ್ತರದ ಆ ಗೋಪುರದಲ್ಲಿ ೨೪ ಮೊಂಬತ್ತಿಗಳು ಬೆಳಗಿದವು.

೧೨೦ ವರ್ಷಗಳಿಗೂ ಮಿಗಿಲಾಗಿ ಅದು ನಿಂತಿತು. ಕೊನೆಗೆ ಸೋತದ್ದು ಕಟ್ಟಡವಲ್ಲ, ಕೆಳಗಿನ ಬಂಡೆ. ಅಲೆಗಳು ಅದನ್ನು ಕೊರೆದುದರಿಂದ ೧೮೮೨ರಲ್ಲಿ ಡಗ್ಲಸ್ ಪಕ್ಕದ ಬಂಡೆಯ ಮೇಲೆ ಹೊಸ ಸ್ತಂಭವನ್ನು ನಿಲ್ಲಿಸಬೇಕಾಯಿತು. ಪ್ಲಿಮತ್ ನಗರದ ಜನರು ಹಣ ಕೂಡಿಸಿ, ಹಳೆಯ ಗೋಪುರದ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು, ತಮ್ಮ ಊರಿನ ದಿಣ್ಣೆಯ ಮೇಲೆ ಮತ್ತೆ ಕಟ್ಟಿಸಿದರು. ಪ್ರವಾಸಿಗಳು ನೋಡುವುದು ಅದನ್ನೇ. ಅಲೆಯ ಪೆಟ್ಟನ್ನು ಮೊದಲು ತಾಳಿದ ಬುಡವಾದರೋ ಇಂದಿಗೂ ಕಡಲಿನಲ್ಲಿಯೇ ಇದೆ.

ಸ್ಮೀಟನ್ನನ ಇನ್ನೊಂದು ಉಪಕಾರವನ್ನು ಮರೆಯಲಾಗದು. ಅಡಿಪಾಯ, ಜೋಡಣೆ, ಗಾರೆ ಎಲ್ಲದರ ವಿವರವನ್ನೂ ಅವನು ೧೭೯೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ನಮ್ಮ ಕೋಟೆ, ಗುಡಿ, ಹಳೆಯ ಮನೆಗಳನ್ನು ಕಟ್ಟಿದ ಕೈಗಳು ಇಂಥ ಬರಹವನ್ನು ಬಿಟ್ಟುಹೋದುದು ವಿರಳ; ಅವುಗಳ ವಿದ್ಯೆ ಗೋಡೆಯೊಳಗೇ ಅಡಗಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಆ ಗೋಡೆಗೆ ನಾವು ಸಿಮೆಂಟು ಮೆತ್ತುತ್ತೇವೆ. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ತಡೆದು ಗೋಡೆಯನ್ನು ಒಳಗೊಳಗೇ ಕೆಡಿಸುತ್ತದೆ. ಹಳೆಯ ಕಟ್ಟಡವನ್ನು ಮುಟ್ಟುವ ಮೊದಲು ಅದು ಇಷ್ಟು ಕಾಲ ಹೇಗೆ ನಿಂತಿತೆಂದು ಅರಿಯುವುದು, ಅರಿತುದನ್ನು ಬರೆದಿಡುವುದು ಕರ್ತವ್ಯವಲ್ಲವೆ? ಮುಖವನ್ನುಳಿಸಿ ಬುಡವನ್ನು ಮರೆತರೆ ಅದು ರಕ್ಷಣೆಯೆನಿಸದು.