ಹಡಗು ಹತ್ತಿಸುವ ಮುನ್ನ ಹಿರಿಯರನ್ನು ಕೇಳಿದಿರಾ?

ಈ ಬೇಸಿಗೆಯ ಆರಂಭದಲ್ಲಿ ನಗರಗೆರೆ ಹೋಬಳಿಯ ಹಳ್ಳಿಯೊಂದರಿಂದ ಹಿರಿಯ ದಂಪತಿಗಳು ನನ್ನ ಬಳಿ ಬಂದಿದ್ದರು. ಯಜಮಾನರು ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತೊಂದು. ಪತ್ನಿಗೆ ಅರವತ್ತಾರು. "ಡಾಕ್ಟ್ರೇ, ಇಬ್ಬರಿಗೂ ಒಂದೊಂದು ಸರ್ಟಿಫಿಕೇಟ್ ಬರೆದುಕೊಡಿ, ಹಡಗಿನಲ್ಲಿ ಹೋಗುತ್ತಿದ್ದೇವೆ" ಎಂದರು ಮೇಷ್ಟ್ರು. ಹಿರಿಯ ಮಗ ಅಮೆರಿಕದ ಸಿಯಾಟಲ್ ನಗರದಲ್ಲಿದ್ದಾನೆ, ಮಗಳು ಕ್ಯಾಲಿಫೋರ್ನಿಯದಲ್ಲಿ, ಕಿರಿಯ ಮಗ ಬೆಂಗಳೂರಿನಲ್ಲಿ. ಆರು ವರ್ಷಗಳಿಂದ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿಲ್ಲ. ಜೂನ್ ತಿಂಗಳಿನಲ್ಲಿ ಹನ್ನೊಂದು ಜನ ಸೇರಿ ಉತ್ತರದ ಅಲಾಸ್ಕ ಕರಾವಳಿಯ ಉದ್ದಕ್ಕೂ ಏಳು ದಿನ ಹಡಗಿನಲ್ಲಿ ಪ್ರವಾಸ ಮಾಡುವುದೆಂದು ಹಿರಿಯ ಮಗ ಯೋಜನೆ ಹಾಕಿದ್ದ. ನನಗೂ ಒಂದು ಸಂದೇಶ ಕಳಿಸಿದ್ದ: "ಅಮ್ಮನಿಗೆ ಮಂಡಿ ನೋವು, ಸಕ್ಕರೆ ಕಾಯಿಲೆ. ಅವರಿಗೆ ಇದು ಆಗುತ್ತದೆಯೇ ನೋಡಿ ಹೇಳಿ. ಅಪ್ಪನ ಚಿಂತೆಯಿಲ್ಲ."

ಇದು ಒಂದೇ ಮನೆಯ ಪ್ರಶ್ನೆಯಲ್ಲ. ನಮ್ಮ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ದೂರದೇಶದಲ್ಲಿದ್ದಾರೆ. ಎಲ್ಲರೂ ಸೇರುವ ಆಸೆ ಸಹಜ. ಆದರೆ ಸೇರುವ ಜಾಗ ಸಮುದ್ರದ ಮಧ್ಯೆ ಎಂದಾಗ ಟಿಕೆಟ್ಟಿಗಿಂತ ಮೊದಲು ಯೋಚಿಸಬೇಕಾದ ಕೆಲವು ವಿಷಯಗಳಿವೆ.

ಎಂಥ ಪ್ರಯಾಣ ಇದು?

ಅಲಾಸ್ಕ ಹಡಗುಗಳು ಮುಖ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಸಿಯಾಟಲ್‌ನಿಂದ ಅಥವಾ ಕೆನಡಾದ ವ್ಯಾಂಕೂವರ್‌ನಿಂದ ಹೊರಡುತ್ತವೆ. ಒಂದೊಂದರಲ್ಲೂ ಎರಡರಿಂದ ನಾಲ್ಕು ಸಾವಿರ ಪ್ರಯಾಣಿಕರು. ಕೆಚಿಕನ್, ಜೂನೋ, ಸ್ಕಾಗ್ವೇ ಎಂಬ ಊರುಗಳಲ್ಲಿ ನಿಂತು, ಸಮುದ್ರಕ್ಕೆ ಇಳಿಯುವ ಹಿಮನದಿಗಳನ್ನು ತೋರಿಸಿ ಹಿಂದಿರುಗುತ್ತವೆ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಸಾಗುತ್ತವೆ. ಸಿಯಾಟಲ್‌ನಿಂದ ಹೊರಡುವ ಹಲವು ಹಡಗುಗಳು ಸ್ವಲ್ಪ ದೂರ ತೆರೆದ ಸಾಗರದಲ್ಲಿ ಹೋಗುವುದರಿಂದ ಅಲ್ಲಿ ಓಲಾಟ ಹೆಚ್ಚು. ಘಾಟಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಜೂನ್ ತಿಂಗಳಲ್ಲೂ ಅಲ್ಲಿ ಚಳಿ, ಜೊತೆಗೆ ಮಳೆ. ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ತಾಲ್ಲೂಕಿನ ನಾಲ್ಕೈದು ಪಟ್ಟು. ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಂದರೆ ನಮ್ಮ ಹಗಲೆಲ್ಲ ಅಲ್ಲಿಯ ರಾತ್ರಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುವುದರಿಂದ ಹಿರಿಯರಿಗೆ ನಿದ್ರೆ ಬಾರದು.

ಇನ್ನೊಂದು ವಿಷಯ ಆರೋಗ್ಯದ್ದಲ್ಲ, ಆದರೂ ಹೇಳುತ್ತೇನೆ. ಸಿಯಾಟಲ್‌ನಿಂದ ಹೊರಡುವ ಹಡಗೂ ನಡುವೆ ಕೆನಡಾದ ಬಂದರೊಂದನ್ನು ಮುಟ್ಟುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ತಂದೆತಾಯಿಗೆ ಅಮೆರಿಕದ ವೀಸಾ ಜೊತೆಗೆ ಕೆನಡಾದ ವೀಸಾ ಕೂಡ ಬೇಕು. ಇದನ್ನು ಕೊನೆಯ ಗಳಿಗೆಯಲ್ಲಿ ತಿಳಿದು ಓಡಾಡಿದರೆ ರಕ್ತದೊತ್ತಡ ಏರದೆ ಇರುವುದಿಲ್ಲ.

ಹಡಗಿನ ಪರವಾಗಿ ಒಂದು ಮಾತು

"ಈ ವಯಸ್ಸಿನಲ್ಲಿ ಹಡಗೇ?" ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಮಂಡಿ ನೋವಿನವರಿಗೆ ತೀರ್ಥಯಾತ್ರೆಯ ಬಸ್ಸಿಗಿಂತ ಹಡಗು ಎಷ್ಟೋ ಮೇಲು. ದಿನಕ್ಕೊಂದು ಹೋಟೆಲ್, ಗಂಟುಮೂಟೆ ಕಟ್ಟುವ ಕೆಲಸ ಇಲ್ಲ. ಮಲಗುವ ಮಂಚ, ಶೌಚಾಲಯ, ಊಟದ ಮನೆ ಎಲ್ಲವೂ ನಮ್ಮ ಜೊತೆಗೇ ಬರುತ್ತವೆ. ಮಹಡಿಯಿಂದ ಮಹಡಿಗೆ ಲಿಫ್ಟ್ ಇದೆ. ಗಾಲಿಕುರ್ಚಿ ಸಿಗುತ್ತದೆ. ಊರು ನೋಡಲು ಇಳಿಯಲಾಗದವರು ಕಿಟಕಿಯ ಬಳಿ ಕುಳಿತೇ ಬೆಟ್ಟ, ಹಿಮ ನೋಡಬಹುದು. ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಬರಬಹುದು. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿದರೆ ಸಿಗುತ್ತದೆ, ರಾಗಿ ಮುದ್ದೆಯ ಆಸೆ ಮಾತ್ರ ಬಿಡಬೇಕು.

ಮೇಷ್ಟ್ರ ಪತ್ನಿಯನ್ನು ಪರೀಕ್ಷಿಸಿದಾಗ ನನಗೆ ಅನ್ನಿಸಿದ್ದೂ ಇದೇ. ನಮ್ಮ ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನು ಕುಡಿದವರ ಬೆನ್ನು, ಕೀಲುಗಳು ಬಿಗಿಯುತ್ತವೆ. ಆಕೆಯದೂ ಅಂಥದೇ ಬಿಗಿತ. ಆದರೆ ಸಕ್ಕರೆ ಹತೋಟಿಯಲ್ಲಿತ್ತು, ರಕ್ತದೊತ್ತಡ ಸರಿಯಿತ್ತು, ಹೃದಯ, ಮೂತ್ರಪಿಂಡಗಳು ಚೆನ್ನಾಗಿದ್ದವು. ನಿಧಾನವಾಗಿ ನಡೆಯುವವರಿಗೆ ಹಡಗಿನಲ್ಲಿ ಅಡ್ಡಿಯಿಲ್ಲ.

ಹಡಗಿನಲ್ಲಿ ಇಲ್ಲದ್ದು

ಹಾಗಾದರೆ ಯಾರಿಗೆ ಬೇಡ? ನನ್ನ ಅಳತೆಗೋಲು ಒಂದೇ: ಈ ವ್ಯಕ್ತಿಗೆ ಇದ್ದಕ್ಕಿದ್ದಂತೆ ಒಂದೆರಡು ಗಂಟೆಯೊಳಗೆ ದೊಡ್ಡ ಆಸ್ಪತ್ರೆ ಬೇಕಾಗುವ ಸಾಧ್ಯತೆ ಹೆಚ್ಚಿದೆಯೇ?

ನಮ್ಮಲ್ಲಿ ಎದೆನೋವು ಬಂದರೆ ಗೌರಿಬಿದನೂರಿನ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಗಾಡಿ ಓಡಿಸುತ್ತೇವೆ. ರಸ್ತೆ ಕೆಟ್ಟಿರಬಹುದು, ಆದರೆ ರಸ್ತೆ ಇದೆ. ಅಲಾಸ್ಕದ ರಾಜಧಾನಿ ಜೂನೋ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ದೋಣಿ ಅಥವಾ ವಿಮಾನದಲ್ಲೇ ತಲುಪಬೇಕು. ಜೂನೋ, ಕೆಚಿಕನ್‌ಗಳಲ್ಲಿ ಆಸ್ಪತ್ರೆಗಳಿವೆ, ಸ್ಕಾಗ್ವೇಯಲ್ಲಿ ಚಿಕಿತ್ಸಾಲಯ ಮಾತ್ರ. ಗಂಭೀರ ಹೃದ್ರೋಗಿಯನ್ನು ಅಲ್ಲಿಂದ ವಿಮಾನದಲ್ಲಿ ಸಿಯಾಟಲ್‌ಗೋ ಆಂಕರೇಜ್‌ಗೋ ಒಯ್ಯಬೇಕಾಗುತ್ತದೆ.

ದೊಡ್ಡ ಹಡಗುಗಳಲ್ಲಿ ವೈದ್ಯರು, ದಾದಿಯರು, ಇ.ಸಿ.ಜಿ., ಆಮ್ಲಜನಕ, ತುರ್ತು ಔಷಧಿಗಳು ಇರುತ್ತವೆ. ರೋಗಿಯನ್ನು ದಡ ಮುಟ್ಟುವವರೆಗೆ ಕಾಪಾಡುವುದು ಅವರ ಕೆಲಸ. ಹೃದಯದ ರಕ್ತನಾಳ ತೆರೆಯುವ ವ್ಯವಸ್ಥೆ, ದೊಡ್ಡ ಶಸ್ತ್ರಚಿಕಿತ್ಸೆ ಅಲ್ಲಿಲ್ಲ. ಖರ್ಚು ಡಾಲರಿನಲ್ಲಿ, ಪ್ರಯಾಣಿಕನ ಲೆಕ್ಕಕ್ಕೆ.

ಆದ್ದರಿಂದ ಇತ್ತೀಚೆಗೆ ಹೃದಯಾಘಾತವಾದವರು, ನಡೆದರೆ ಎದೆ ಹಿಡಿಯುವವರು, ಮಲಗಿದರೆ ಉಸಿರು ಕಟ್ಟುವವರು, ಇತ್ತೀಚೆಗೆ ಪಾರ್ಶ್ವವಾಯು ತಗುಲಿದವರು, ಡಯಾಲಿಸಿಸ್‌ನಲ್ಲಿರುವವರು, ಪದೇ ಪದೇ ಸಕ್ಕರೆ ಕುಸಿದು ಎಚ್ಚರ ತಪ್ಪುವವರು ಹಡಗು ಹತ್ತದಿರುವುದೇ ಲೇಸು. ರಾತ್ರಿ ಎದ್ದು ದಿಕ್ಕು ತಪ್ಪಿ ಓಡಾಡುವ ಮರೆವಿನ ಕಾಯಿಲೆಯವರಿಗೂ ಅಪರಿಚಿತ ಹಡಗು ಒಳ್ಳೆಯದಲ್ಲ. ಗರ್ಭಿಣಿಯರನ್ನು 24 ವಾರ ತುಂಬಿದ ಮೇಲೆ, ಹಸುಗೂಸುಗಳನ್ನು ಆರು ತಿಂಗಳು ತುಂಬುವ ಮೊದಲು ಬಹುತೇಕ ಹಡಗು ಕಂಪನಿಗಳೇ ಹತ್ತಿಸಿಕೊಳ್ಳುವುದಿಲ್ಲ.

ಬಚ್ಚಿಟ್ಟ ಕಾಯಿಲೆ

ಮೇಲಿನ ಪಟ್ಟಿ ಓದಿ "ನಮ್ಮ ಮನೆಯಲ್ಲಿ ಅಂಥವರಿಲ್ಲ" ಎಂದು ನೀವು ನಿಟ್ಟುಸಿರು ಬಿಟ್ಟಿರಬಹುದು. ನಾನೂ ಒಮ್ಮೆ ಹಾಗೆಯೇ ಬಿಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ ನಾವು ಅಣ್ಣತಮ್ಮಂದಿರೆಲ್ಲ ವ್ಯಾನ್ ಮಾಡಿಕೊಂಡು ತಾಯಿಯವರನ್ನು ಮುರುಡೇಶ್ವರ, ಗೋಕರ್ಣದ ಕಡಲತೀರಕ್ಕೆ ಕರೆದುಕೊಂಡು ಹೋದೆವು. ಅವರಿಗೆ ಹೃದಯದ ದೌರ್ಬಲ್ಯವಿತ್ತು, ಮೈಯಲ್ಲಿ ನೀರು ನಿಲ್ಲದಿರಲೆಂದು ದಿನವೂ ಮೂತ್ರ ಹೋಗುವ ಮಾತ್ರೆ ಕೊಟ್ಟಿದ್ದೆ. ದಾರಿಯಲ್ಲಿ ಪದೇ ಪದೇ ವ್ಯಾನ್ ನಿಲ್ಲಿಸಬೇಕಾದೀತು, ಮಕ್ಕಳಿಗೆ ತೊಂದರೆ ಎಂದು ಅವರು ಎರಡು ದಿನ ಆ ಮಾತ್ರೆಯನ್ನೇ ನುಂಗಲಿಲ್ಲ. ಯಾರಿಗೂ ಹೇಳಲಿಲ್ಲ. ಮೂರನೆಯ ರಾತ್ರಿ ಉಸಿರು ಕಟ್ಟಿ ಎದ್ದು ಕುಳಿತರು. ಹತ್ತಿರದಲ್ಲೇ ಆಸ್ಪತ್ರೆಯಿತ್ತು, ಉಳಿದರು. ಮನೆಯಲ್ಲೇ ವೈದ್ಯನಿದ್ದೂ, ಅವರ ಪಕ್ಕದಲ್ಲೇ ಕುಳಿತಿದ್ದೂ, ಒಂದು ಮಾತು ಕೇಳಿರಲಿಲ್ಲ. ಅದು ನನ್ನ ತಪ್ಪು.

ನಮ್ಮ ಹಿರಿಯರು ಸುಳ್ಳು ಹೇಳುವವರಲ್ಲ. ಆದರೆ ಮಕ್ಕಳ ಸಂತೋಷಕ್ಕೆ ಅಡ್ಡಿಯಾಗಬಾರದೆಂದು ನೋವನ್ನು ನುಂಗುತ್ತಾರೆ. ಪ್ರಯಾಣದ ಕಾಲದಲ್ಲಿ ಇದು ಎಲ್ಲ ಕಾಯಿಲೆಗಳಿಗಿಂತ ಅಪಾಯಕಾರಿ.

ಅದಕ್ಕೇ ಈಗ ನಾನು ದಂಪತಿಗಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸುತ್ತೇನೆ. ಮೇಷ್ಟ್ರು "ನನಗೇನೂ ಇಲ್ಲ" ಎಂದರು. ರಕ್ತದೊತ್ತಡ, ಇ.ಸಿ.ಜಿ. ಎರಡೂ ಸರಿಯಾಗಿದ್ದವು. ಅವರು ಹೊರಗೆ ಹೋದ ಮೇಲೆ ಪತ್ನಿ ತಗ್ಗಿದ ದನಿಯಲ್ಲಿ ಹೇಳಿದರು: "ಬೆಳಿಗ್ಗೆ ಹಾಲಿನ ಡೈರಿಗೆ ಹೋಗುವಾಗ ದಾರಿಯಲ್ಲಿ ಎರಡು ಸಲ ನಿಲ್ಲುತ್ತಾರೆ. ಯಾರಾದರೂ ಬಂದರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಮಾಡುತ್ತಾರೆ." ನಡೆದಾಗ ಬಂದು ನಿಂತಾಗ ಹೋಗುವ ಎದೆಬಿಗಿತವಿದ್ದರೆ, ಸುಮ್ಮನೆ ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿದ್ದರೂ ನಂಬಬಾರದು. ಬೆಂಗಳೂರಿನ ಹೃದ್ರೋಗ ತಜ್ಞರಲ್ಲಿಗೆ ಕಳಿಸಿದೆ. ಎರಡು ರಕ್ತನಾಳಗಳು ಕಿರಿದಾಗಿದ್ದವು. ಒಂದಕ್ಕೆ ಸ್ಟೆಂಟ್ ಹಾಕಿದ್ದಾರೆ, ಇನ್ನೊಂದನ್ನು ಔಷಧಿಯಲ್ಲಿ ನೋಡುತ್ತಿದ್ದಾರೆ. ಈ ವರ್ಷ ಸಮುದ್ರಯಾನ ಬೇಡ ಎಂದಿದ್ದಾರೆ.

ಗಮನಿಸಿ. ಮಗ ಹೆದರಿದ್ದು ಕುಂಟುವ ತಾಯಿಗಾಗಿ. ಹಡಗಿಗೆ ಯೋಗ್ಯರಾಗಿದ್ದವರು ಆಕೆಯೇ. ಕಣ್ಣಿಗೆ ಕಾಣುವ ನ್ಯೂನತೆಗಿಂತ ಕಾಣದ ಕಾಯಿಲೆ ದೊಡ್ಡದು.

ಹೊರಡುವುದೇ ಆದರೆ

ಮುಂಗಡ ಹಣ ಕಟ್ಟುವ ಮೊದಲು ಮನೆಯ ಹಿರಿಯರನ್ನು ನಿಮ್ಮ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲರೇ ನೋಡಿ. ಆಮೇಲೆ ಈ ಕೆಳಗಿನವನ್ನು ನೆನಪಿಡಿ.

ವಿಮಾನದಲ್ಲಿ: ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿದೆ. ಆಗಾಗ ಎದ್ದು ನಡೆಯಿರಿ, ಪಾದ ಆಡಿಸುತ್ತಿರಿ, ನೀರು ಕುಡಿಯಿರಿ. ಹಡಗು ಹೊರಡುವುದಕ್ಕೆ ಮೂರು ನಾಲ್ಕು ದಿನ ಮೊದಲೇ ಮಕ್ಕಳ ಮನೆ ತಲುಪಿ ವಿಶ್ರಾಂತಿ ಪಡೆಯುವುದು ಒಳ್ಳೆಯದು.

ಔಷಧಿ: ಪ್ರವಾಸದ ದಿನಗಳಿಗೆ ಬೇಕಾದುದಕ್ಕಿಂತ ಎರಡು ವಾರ ಹೆಚ್ಚಿಗೆ, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲೇ ಇರಲಿ. ಇನ್ಸುಲಿನ್ನನ್ನು ವಿಮಾನದ ಸಾಮಾನಿನ ಕೋಣೆಗೆ ಹಾಕಬೇಡಿ, ಹೆಪ್ಪುಗಟ್ಟಿ ಕೆಡಬಹುದು. ಹಗಲು ರಾತ್ರಿ ಅದಲುಬದಲಾಗುವುದರಿಂದ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಯಾವ ಮಾತ್ರೆಯನ್ನೂ ಸಂಕೋಚಕ್ಕಾಗಿ ಬಿಡಬೇಡಿ.

ಓಲಾಟದ ವಾಂತಿ: ಕಿವಿಯ ಒಳಭಾಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳೆಸುತ್ತದೆ. ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕೋಣೆ ಆರಿಸಿ. ದೂರದ ದಿಗಂತ ನೋಡಿ. ಮಾತ್ರೆಗಳಿವೆ, ಆದರೆ ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇರುವ ಹಿರಿಯರಿಗೆ ಅವುಗಳಲ್ಲಿ ಕೆಲವು ಹಾನಿಕರ. ಮಂಪರು ಬಂದು ಬೀಳುವ ಭಯವೂ ಇದೆ. ಕೇಳಿಯೇ ತೆಗೆದುಕೊಳ್ಳಿ.

ಅಂಟುಜಾಡ್ಯ: ಸಾವಿರಾರು ಜನ ಒಂದೇ ಸೂರಿನಡಿ ಉಂಡು ಮಲಗುವ ಕಡೆ ಸೋಂಕು ಬೇಗ ಹರಡುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಬಂದರಿನಲ್ಲಿ ತಡೆಹಿಡಿದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿತ್ತು. ಹಡಗುಗಳಲ್ಲಿ ಸಾಮಾನ್ಯವಾದ ವಾಂತಿಭೇದಿಯ ನೋರೋ ವೈರಸ್ ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು ನೀರೇ ಮದ್ದು. ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ.

ವಿಮೆ: ಮೊದಲಿನಿಂದ ಇದ್ದ ಕಾಯಿಲೆಗಳಿಗೆ, ಹಡಗಿನ ಚಿಕಿತ್ಸೆಗೆ, ವಿಮಾನದಲ್ಲಿ ಸಾಗಿಸುವ ಖರ್ಚಿಗೆ ರಕ್ಷಣೆ ಇದೆಯೇ ಎಂದು ಸಣ್ಣಕ್ಷರದವರೆಗೂ ಓದಿ. ವಿಮೆಗಾಗಿ ಕಾಯಿಲೆ ಮುಚ್ಚಿಟ್ಟರೆ ಬೇಕಾದಾಗ ಹಣ ಬಾರದು.

ಚೀಟಿ: ನಮ್ಮ ಗಡಿನಾಡಿನ ಹಿರಿಯರಿಗೆ ಕನ್ನಡ, ತೆಲುಗು ಎರಡೂ ಸಲೀಸು, ಇಂಗ್ಲಿಷ್ ಅಷ್ಟಿಲ್ಲ. ಕೋಣೆಯ ಸಂಖ್ಯೆ, ಮಕ್ಕಳ ಫೋನ್, ಕಾಯಿಲೆ, ಔಷಧಿಗಳನ್ನು ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿಡಿ. ಹಿರಿಯರ ಕೋಣೆಯ ಪಕ್ಕದಲ್ಲೇ ಮಕ್ಕಳ ಕೋಣೆಯಿರಲಿ.

ಕೊನೆಯದಾಗಿ

ಮೇಷ್ಟ್ರ ಮನೆಯವರು ಈಗ ದಸರೆಗೆ ನಗರಗೆರೆಯಲ್ಲೇ ಸೇರುವುದೆಂದು ತೀರ್ಮಾನಿಸಿದ್ದಾರೆ. ಮೊಮ್ಮಕ್ಕಳು ಬರುತ್ತಾರೆ, ಎಲ್ಲರೂ ವಿದುರಾಶ್ವತ್ಥಕ್ಕೆ ಹೋಗಿ ಬರುತ್ತಾರೆ. ಕಟ್ಟಿದ ಮುಂಗಡದಲ್ಲಿ ಸ್ವಲ್ಪ ಹಣ ಹೋಯಿತು. ಎಲ್ಲರೂ ಸರಿಯಾಯಿತೆಂದರು. ಔಷಧಿಗೆ ಬಂದಿದ್ದ ಆ ತಾಯಿ ಮಾತ್ರ ಎದ್ದು ಹೊರಡುವಾಗ, "ನಾನು ಆ ಹಿಮ ನೋಡಬೇಕೆಂದಿದ್ದೆ ಡಾಕ್ಟ್ರೇ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ಆಸೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಸಹ. ಮೇಷ್ಟ್ರು ಚೇತರಿಸಿಕೊಂಡರೆ ಮುಂದಿನ ವರ್ಷ ಇಬ್ಬರೂ ಹೋಗಬಹುದು. ತಜ್ಞರು ಒಪ್ಪಿದರೆ ನಾನೇ ಸಂತೋಷದಿಂದ ಬರೆದುಕೊಡುತ್ತೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಹಡಗು ಒಳ್ಳೆಯದೋ ಕೆಟ್ಟದ್ದೋ ಎಂದು ವೈದ್ಯರನ್ನು ಕೇಳುವ ಮೊದಲು, ಅಪ್ಪ ಅಮ್ಮನ ಪಕ್ಕದಲ್ಲಿ ಬೇರೆ ಬೇರೆಯಾಗಿ ಕುಳಿತು ಎರಡು ಮಾತು ಕೇಳಿ: ಮೈಯಲ್ಲಿ ಏನಾದರೂ ಆಗುತ್ತಿದೆಯೇ? ನಿಮಗೆ ಹೋಗಲು ಮನಸ್ಸಿದೆಯೇ? ಉತ್ತರಕ್ಕೆ ಅವಸರ ಮಾಡಬೇಡಿ. ಮೊದಲ ಸಲ ಅವರು "ಏನೂ ಇಲ್ಲ, ನಿಮ್ಮಿಷ್ಟ" ಎನ್ನುತ್ತಾರೆ. ಎರಡನೆಯ ಸಲವೂ ಕೇಳಿ.