ಹಂಪೆಯನ್ನು ನೋಡುವ ಬಗೆ

ಹಂಪೆಗೆ ಬರುವ ಪ್ರವಾಸಿಗರಲ್ಲಿ ಹಲವರು ವಿರೂಪಾಕ್ಷನಿಗೆ ಕೈಮುಗಿದು, ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡು, ಸಂಜೆಯೊಳಗೆ ಹಿಂದಿರುಗುತ್ತಾರೆ. ವಿಜಯನಗರವನ್ನು ಅರಿಯಲು ಇಷ್ಟು ಸಾಲದು. ಅಷ್ಟು ದೊಡ್ಡ ರಾಜಧಾನಿಯ ಜನರಿಗೆ ಅನ್ನ ನೀರು ದೊರೆತ ಬಗೆಯನ್ನೂ ನೋಡಬೇಕು. ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ಹಾಯ್ದಿರುವ ಕಲ್ಲಿನ ಕಾಲುವೆ ಅದನ್ನು ತಿಳಿಸುತ್ತದೆ. ಇನ್ನೊಂದು ದಿನ ಉಳಿದವರು ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಹೋಗಬಹುದು. ಹೊಸಪೇಟೆಯ ಬಳಿಯ ಅಣೆಕಟ್ಟನ್ನೂ ನೋಡಬಹುದು. ಈ ಸೀಮೆಯ ಬತ್ತದ ಗದ್ದೆಗಳಿಗೂ ಬಾಳೆಯ ತೋಟಗಳಿಗೂ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. 1565ರ ಯುದ್ಧದ ಬಳಿಕ ಅರಮನೆಗಳು ಹಾಳಾದವು, ಕಾಲುವೆಗಳು ಉಳಿದವು. ಅರಸರ ವೈಭವಕ್ಕಿಂತ ಅವರ ಲೋಕೋಪಕಾರವೇ ಚಿರಕಾಲ ಬಾಳುತ್ತದೆಂದು ತಿಳಿದು ಮರಳುವವನೇ ಹಂಪೆಯನ್ನು ನಿಜವಾಗಿ ಕಂಡವನು.