ಅಭಯಕ್ಕೊಂದು ವಾರಂಟಿ ಪತ್ರ

ಪ್ರಜೆಗೆ ತಾನು ಕೊಡಬೇಕಾದ ರಕ್ಷಣೆಯನ್ನು ಪ್ರಭುತ್ವವೇ ಡಬ್ಬಿಯಲ್ಲಿಟ್ಟು, ಬೆಲೆಚೀಟಿ ಅಂಟಿಸಿ ಮಾರತೊಡಗಿದರೆ ಅದನ್ನು ವ್ಯಾಪಾರವೆನ್ನಬೇಕೋ, ರಾಜೀನಾಮೆಯೆನ್ನಬೇಕೋ? 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಅತ್ಯಾಚಾರದ ತರುವಾಯ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆಯು ಮಹಿಳೆಯರಿಗೆಂದೇ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ 1,22,360 ರೂಪಾಯಿ, ಇಡಲು ಒಡವೆ ಪೆಟ್ಟಿಗೆಯಂಥ ಸಂಪುಟ. ಅಷ್ಟು ಹಣವಿಲ್ಲದವರಿಗಾಗಿ 2016ರಲ್ಲಿ ಇಛಾಪುರದ ಕಾರ್ಖಾನೆಯಿಂದ ‘ನಿಡರ್’ ಬಂತು; .22, ಸುಮಾರು 35 ಸಾವಿರ. ಕಡಿಮೆ ದರದ ಧೈರ್ಯ! 2021ರ ಅಕ್ಟೋಬರ್ 1ರಂದು ಆ ಕಾರ್ಖಾನೆಗಳ ಮಂಡಳಿಯೇ ವಿಸರ್ಜನೆಗೊಂಡು ಏಳು ಕಂಪನಿಗಳಾದವು.

ಥಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮವರಲ್ಲೂ ಈ ಹಂಬಲವಿದೆ. ಹಫ್ತಾದ ದೂರವಾಣಿ ಕರೆಗಳಿಗೆ ಬೆದರಿ ಬದುಕಿದ ಹೋಟೆಲು ಉದ್ಯಮಿಗಳ ಪೀಳಿಗೆಯನ್ನು ನಾನು ಬಲ್ಲೆ. ಅವರ ಭಯವನ್ನು ಗೇಲಿ ಮಾಡಲಾರೆ. ಆದರೆ ಅವರಲ್ಲೊಬ್ಬ ಹಿರಿಯರು, “ವಾರಂಟಿ ಉಂಟು ಮಾರಾಯ್ರೇ, ಕೆಟ್ಟರೆ ಅವರೇ ಸರಿ ಮಾಡಿ ಕೊಡ್ತಾರೆ” ಎಂದಾಗ ದಿಗಿಲಾಯಿತು. ಅದು ಮಿಕ್ಸರಿನ ಬಗ್ಗೆ ಆಡುವ ಮಾತು.

ವಾರಂಟಿಯೆಂಬುದು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಬಾಧ್ಯ, ತುಕ್ಕಿಗಲ್ಲ. ನಮ್ಮಲ್ಲಿ ನಾಲ್ಕು ತಿಂಗಳ ಮಳೆ. ಐರೋಲಿ, ವಾಶಿಗಳಲ್ಲಿ ಖಾಡಿಯ ಉಪ್ಪುಗಾಳಿ. ಚರ್ಮದ ಚೀಲದಲ್ಲೇ ಬಿಟ್ಟರೆ ಅದು ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಗುಂಡು ಹಾರಿಸಿದಾಗಲೆಲ್ಲ ನಳಿಗೆಗೆ ಕುಂಚ ಹಾಯಿಸಿ, ಗುಂಡು ತುಂಬುವ ಉರುಳೆಯ ಕುಳಿಗಳನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಹಾರಿಸದೆ ಇಟ್ಟರೂ ಈ ಶುಶ್ರೂಷೆ ತಪ್ಪದು. ಉರುಳೆ ಸಿಕ್ಕಿಕೊಂಡಿತೆನ್ನಿ, ಹೊಲಿಗೆ ಯಂತ್ರದಂತೆ ಬೀದಿಯ ಮಿಸ್ತ್ರಿಗೆ ಕೊಡುವಂತಿಲ್ಲ: 1959ರ ಆಯುಧ ಕಾಯಿದೆಯ 5ನೆಯ ಕಲಮಿನಂತೆ ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಚುನಾವಣೆ ಬಂದು ಪೊಲೀಸರು ಆಜ್ಞಾಪಿಸಿದರೆ ಆಯುಧವನ್ನು ಅವರಿಗೇ ಒಪ್ಪಿಸಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೇರಿದ್ದಷ್ಟೇ ಸಮಾಧಾನ. ಕಾವಲುಗಾರನೆಂದು ತಂದದ್ದು ಮನೆಯಲ್ಲಿ ಆರೈಕೆ ಬೇಡುವ ರೋಗಿಯಾಗಿ ಮಲಗುತ್ತದೆ.

ಇಷ್ಟೆಲ್ಲ ಯಾವ ಶತ್ರುವಿಗಾಗಿ? ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳು ಸ್ಫೋಟಿಸಿ ಜನ ಸತ್ತರು. 2025ರ ಜೂನ್ 9ರಂದು ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಹೊರಬಿದ್ದು ಕನಿಷ್ಠ ನಾಲ್ವರು ಪ್ರಾಣ ತೆತ್ತರು. ಬೆಳಗಿನ ಮಹಿಳಾ ಡಬ್ಬಿಯಲ್ಲಿ ಬೆವರೊರೆಸಲು ಕೈಯೆತ್ತುವಷ್ಟೂ ಎಡೆಯಿಲ್ಲ. ಅಲ್ಲಿ ನಮ್ಮ ಮಗಳು ಚೀಲದಿಂದ ರಿವಾಲ್ವರ್ ತೆಗೆದು ಯಾರಿಗೆ ಗುರಿಯಿಡಬೇಕು?

ಪರವಾನಗಿಯ ಆಯುಧ ಸಭ್ಯರ ಕೈಯಲ್ಲೇ ಇರುತ್ತದೆಂಬ ವಾದವೂ ಉಂಟು. 2024ರ ಫೆಬ್ರವರಿ 2ರಂದು ಉಲ್ಹಾಸನಗರದ ಹಿಲ್ ಲೈನ್ ಪೊಲೀಸ್ ಠಾಣೆಯೊಳಗೇ ಶಿವಸೇನೆಯ ಮಹೇಶ್ ಗಾಯಕ್ವಾಡರ ಮೇಲೆ ಗುಂಡು ಹಾರಿತು. ಆ ಆರೋಪದಲ್ಲಿ ಬಂಧಿತರಾದವರು ಕಲ್ಯಾಣ ಪೂರ್ವದ ಅಂದಿನ ಶಾಸಕ ಗಣಪತ್ ಗಾಯಕ್ವಾಡರು. ಬಳಸಿದ್ದು ಪರವಾನಗಿಯ ಆಯುಧವೆಂದೇ ವರದಿಯಾಯಿತು. ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಕೈಲು ಮುಹೂರ್ತದಂದು ಪೂಜೆಗೊಳ್ಳುವ ಕೋವಿ ಕುಲದ ಆಚಾರ. ಮೂರನೆಯ ಮಹಡಿಯ ಫ್ಲ್ಯಾಟಿನ ಕಪಾಟಿನಲ್ಲಿ ಮುಚ್ಚಿಟ್ಟ ಭಯವಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಗೆ ಬಂದ ಅಪರಿಚಿತರನ್ನು ಎದುರುಗೊಂಡ ಎಂ. ಎಂ. ಕಲಬುರ್ಗಿಯವರಿಗೆ ಮೇಜಿನ ಖಾನೆಯಲ್ಲಿನ ರಿವಾಲ್ವರ್ ಏನು ಮಾಡುತ್ತಿತ್ತು?

ನಮ್ಮ ಸಂಘಗಳು ಇನ್ನಾದರೂ ರಾತ್ರಿಯ ಲೋಕಲ್‌ಗಳ ಮಹಿಳಾ ಡಬ್ಬಿಗೆ ಕಾವಲು, ಸ್ಟೇಷನ್ನಿನಿಂದ ಮನೆಯವರೆಗಿನ ದಾರಿಗೆ ದೀಪ, ಎಂ.ಐ.ಡಿ.ಸಿ. ಕಾರ್ಖಾನೆಗಳ ಕಟ್ಟುನಿಟ್ಟಿನ ತಪಾಸಣೆ ಕೇಳಿ ಮನವಿಪತ್ರ ಸಿದ್ಧಪಡಿಸಲಿ. ಕನ್ನಡದಲ್ಲೂ ಮರಾಠಿಯಲ್ಲೂ ಬರೆದುಕೊಡುವ ಕೆಲಸ ನನಗಿರಲಿ.